ಅರವತ್ತೊಂದರ ಹಠ



ನಾನು ತರಗತಿಯಲ್ಲಿ ಆಡಿದ ತಪ್ಪು ಮಾತೊಂದನ್ನು ತಿದ್ದುವುದು ಬಹುಕಾಲದಿಂದ ಬಾಕಿಯಿದೆ.

1974ರಲ್ಲಿ ಹಲಸೂರಿನ ಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಗಣಿತ ಹೇಳುತ್ತಿದ್ದೆ. ಒಂದು ದಿನ ಪಾಠ ಮುಗಿದ ಮೇಲೆ ಒಗಟೊಂದನ್ನು ಒಡ್ಡಿದೆ: ಸೊನ್ನೆಯಲ್ಲದ ಯಾವ ಪೂರ್ಣಸಂಖ್ಯೆಯ ವರ್ಗವನ್ನು 60ರಿಂದ ಗುಣಿಸಿ 1 ಕೂಡಿದರೆ ಮತ್ತೊಂದು ವರ್ಗಸಂಖ್ಯೆ ಬರುತ್ತದೆ? ಮಕ್ಕಳು ಬೇಗನೆ 4 ಎಂದರು. 961 ಎಂಬುದು 31ರ ವರ್ಗ. 62ಕ್ಕೆ ಉತ್ತರ 8. 3969 ಎಂಬುದು 63ರ ವರ್ಗ. ನಡುವಿನ 61ನ್ನು ಮನೆಗೆಲಸಕ್ಕೆ ಕೊಟ್ಟೆ. ಮರುವಾರ ಮಿತಭಾಷಿಯಾದ ಹುಡುಗನೊಬ್ಬ 500ರವರೆಗೆ ಪರೀಕ್ಷಿಸಿದ ಹಾಳೆಗಳನ್ನು ಮುಂದಿಟ್ಟು, "ಸಿಗಲಿಲ್ಲ ಸಾರ್" ಎಂದ. ನಾನೂ ಪ್ರಯತ್ನಿಸಿ ಸೋತಿದ್ದೆ. "ಹಾಗಾದರೆ ಉತ್ತರ ಇಲ್ಲವೆಂದೇ ತಿಳಿ" ಎಂದುಬಿಟ್ಟೆ.

ಉತ್ತರವಿತ್ತು. ಕ್ರಿ.ಶ. 1150ರಲ್ಲಿಯೇ ಭಾಸ್ಕರಾಚಾರ್ಯನು ತನ್ನ 'ಬೀಜಗಣಿತ'ದಲ್ಲಿ ಇದೇ 61ನ್ನು ಉದಾಹರಣೆಯಾಗಿ ತೆಗೆದುಕೊಂಡು ಬಿಡಿಸಿದ್ದನು. ಅವನು ತನ್ನ ಊರನ್ನು ವಿಜ್ಜಡವಿಡವೆಂದು ಕರೆದುಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎಂದು ಹಲವರು, ಅಲ್ಲವೆಂದು ಕೆಲವರು ವಾದಿಸುತ್ತಾರೆ. ಅತ್ಯಂತ ಚಿಕ್ಕ ಉತ್ತರವೇ 22,61,53,980. ಅದರಿಂದ ದೊರೆಯುವುದು 1,76,63,19,049ರ ವರ್ಗ. ಆ ಹುಡುಗ ದಿನಕ್ಕೆ ಸಾವಿರ ಸಂಖ್ಯೆಗಳನ್ನು ಪರೀಕ್ಷಿಸಿದ್ದರೂ ಆರುನೂರು ವರ್ಷ ಮೀರುತ್ತಿತ್ತು.

ಭಾಸ್ಕರನು ಹೀಗೆ ಹುಡುಕಲಿಲ್ಲ. 'ಚಕ್ರವಾಳ'ವೆಂಬ ವಿಧಾನದಲ್ಲಿ ಸಮೀಪದ ತಪ್ಪು ಉತ್ತರದಿಂದ ಆರಂಭಿಸಿ, ಅದನ್ನೇ ಮೆಟ್ಟಿಲಾಗಿಸಿಕೊಳ್ಳಬೇಕು. 8ರ ವರ್ಗದಲ್ಲಿ 61 ಕಳೆದರೆ 3 ಉಳಿಯುತ್ತದೆ. ಅಲ್ಲಿಂದ ಒಂದು ಸುತ್ತು ನಡೆದರೆ 39 ಮತ್ತು 5 ದೊರೆಯುತ್ತವೆ: 39ರ ವರ್ಗ 1521, 5ರ ವರ್ಗದ 61 ಪಟ್ಟು 1525, ಕೊರತೆ ನಾಲ್ಕೇ. ಮುಂದೆ, ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಕೊಟ್ಟಿದ್ದ 'ಭಾವನಾ' ಸೂತ್ರದಿಂದ ಇಂತಹ ಉತ್ತರಗಳನ್ನು ಒಂದರೊಡನೊಂದು ಬೆಸೆದರೆ 29,718 ಮತ್ತು 3,805 ಬರುತ್ತವೆ. ಈಗ ಕೊರತೆ ಒಂದೇ. ಮತ್ತೊಮ್ಮೆ ಬೆಸೆದರೆ ಗುರಿ ಮುಟ್ಟಿದಂತೆ.

61 ಅವಿಭಾಜ್ಯ ಸಂಖ್ಯೆ. ನಾಲ್ಕರಿಂದ ಭಾಗಿಸಿದರೆ ಶೇಷ ಒಂದು. ಇಂತಹ ಅವಿಭಾಜ್ಯಗಳೆಲ್ಲವೂ ಎರಡು ವರ್ಗಗಳ ಮೊತ್ತವಾಗುತ್ತವೆ. ಇಲ್ಲಿ 25 ಮತ್ತು 36. 'ಒಂದು ಕೊರತೆ'ಯ ಮೆಟ್ಟಿಲು ಸಿಗುವುದೂ ಇವುಗಳ ಗುಣವೇ. ಶೇಷ ಮೂರು ಉಳಿಯುವ 59ಕ್ಕೆ ಆ ಮೆಟ್ಟಿಲಿಲ್ಲ.

1657ರಲ್ಲಿ ಫ್ರಾನ್ಸಿನ ಫರ್ಮಾ, ಭಾಸ್ಕರನ ವಿಷಯ ತಿಳಿಯದೆಯೇ, ಇದೇ 61ನ್ನು ಯೂರೋಪಿನ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದನು. ಬಿಡಿಸುವ ವಿಧಾನವನ್ನು ಕಂಡವನು ಬ್ರೌಂಕರ್. ಆಯ್ಲರನ ತಪ್ಪು ಗ್ರಹಿಕೆಯಿಂದ ಸಮೀಕರಣಕ್ಕೆ ಅಂಟಿದ್ದು ಪೆಲ್ ಎಂಬುವನ ಹೆಸರು. ಚಕ್ರವಾಳವು ಎಂದೂ ದಾರಿತಪ್ಪದೆ ಗುರಿ ಮುಟ್ಟುತ್ತದೆಂಬುದನ್ನು 1929–30ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಗಣಿತದ ಪ್ರಾಧ್ಯಾಪಕ ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್, ಕವಿ ಎ. ಕೆ. ರಾಮಾನುಜನ್ ಅವರ ತಂದೆ. ಮೈಸೂರಿನಲ್ಲಿ ನಡೆದ ಆ ಕೆಲಸವು ಬೆಂಗಳೂರಿನ ಮೇಷ್ಟರಾದ ನನಗೆ ತಿಳಿದದ್ದು ನಿವೃತ್ತಿಯ ನಂತರ.

'ಸಿಗಲಿಲ್ಲ' ಎಂಬುದಕ್ಕೂ 'ಇಲ್ಲ' ಎಂಬುದಕ್ಕೂ ಇರುವ ಅಂತರವನ್ನು ಕಲಿಸುವುದೇ ಗಣಿತ. ಅಂದು ಹುಡುಗ ಮೊದಲನೆಯದನ್ನು ಹೇಳಿದ. ಮೇಷ್ಟರು ಎರಡನೆಯದನ್ನು ಹೇಳಿದರು. ಅಪ್ಪಾ, ನೀನು ಎಲ್ಲಿಂದಾದರೂ ಇದನ್ನು ಓದುತ್ತಿದ್ದರೆ ತಿಳಿದುಕೋ: ನಿನ್ನ ಹಾಳೆಗಳಲ್ಲಿ ತಪ್ಪಿರಲಿಲ್ಲ.