ಹಲ್ಲಿಗೆ ಹಲ್ಲು ಕೂಡಿಸುವ ವಿದ್ಯೆ

ಕವಲಂದೆಯಿಂದ ನಂಜನಗೂಡಿನತ್ತ ಹೊರಟ ಲಾರಿಯೊಂದನ್ನು ಹಿಂದಿನಿಂದ ನೋಡಿ. ಎರಡು ಹಿಂದಿನ ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಗುಂಡೊಂದು ಕಾಣುತ್ತದೆ. ಎಂಜಿನ್ನಿನ ಬಲ ನೆಲ ಮುಟ್ಟುವ ಮೊದಲು ಕೊನೆಯ ಬಾರಿ ತಿರುವು ಪಡೆಯುವುದು ಇದರೊಳಗೆ. ಉದ್ದನೆಯ ಶಾಫ್ಟಿನ ತುದಿಯಲ್ಲಿರುವ ಪುಟ್ಟ ಪಿನಿಯನ್, ತಟ್ಟೆಯಗಲದ ಕ್ರೌನ್ ಚಕ್ರಕ್ಕೆ ಹಲ್ಲು ಕೊಟ್ಟು ಅದನ್ನು ತಿರುಗಿಸುತ್ತದೆ. ಲಾರಿಗಾಗಲಿ, ರೇಸಿಗೆ ಇಳಿಯುವ ಕಾರಿಗಾಗಲಿ ಈ ಜೋಡಿಯನ್ನು ಕೂಡಿಸುವುದು ಒಂದು ವಿದ್ಯೆಯೇ ಸರಿ.

ಎತ್ತಿನ ಗಾಡಿಗೆ ಈ ತೊಡಕಿರಲಿಲ್ಲ. ಅಚ್ಚಿನ ಮೇಲೆ ಎರಡೂ ಚಕ್ರಗಳು ತಮ್ಮಷ್ಟಕ್ಕೆ ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಿದರೂ ಚಿಂತೆಯಿಲ್ಲ. ಎಂಜಿನ್ನೇ ಅಚ್ಚನ್ನು ತಿರುಗಿಸಬೇಕೆಂದಾಗ ಸಮಸ್ಯೆ ಎದ್ದಿತು. ಅದಕ್ಕೆ ಡಿಫರೆನ್ಷಿಯಲ್ ಎಂಬ ಪರಿಹಾರವನ್ನು 1820ರ ದಶಕದ ಕೊನೆಯಲ್ಲಿ ಕೊಟ್ಟವನು ಒನೆಸಿಫೋರ್ ಪೆಕ್ವೇರ್ ಎಂಬ ಫ್ರೆಂಚ್ ಗಡಿಯಾರ ತಯಾರಕ.

ಮೊದಲ ಕಾಲದ ಅನೇಕ ಕಾರುಗಳು ಸೈಕಲ್ಲಿನಂತೆ ಚೈನಿನಿಂದ ಓಡುತ್ತಿದ್ದವು. 1898ರಲ್ಲಿ ಲೂಯಿ ರೆನೊ ಚೈನನ್ನು ಬಿಟ್ಟು ಶಾಫ್ಟನ್ನು ಹಿಂದಿನ ಅಚ್ಚಿಗೆ ಜೋಡಿಸಿದರು. ಆದರೆ ನೇರ ಹಲ್ಲಿನ ಚಕ್ರಗಳು ಸದ್ದು ಮಾಡುತ್ತಿದ್ದವು. ಇಂಥ ಓರೆ ಚಕ್ರಗಳ ಹಲ್ಲು ಕೊರೆಯುವ ಯಂತ್ರವನ್ನು ಅಮೆರಿಕದ ರಾಚೆಸ್ಟರ್‌ನಲ್ಲಿ ವಿಲಿಯಂ ಗ್ಲೀಸನ್ 1874ರಲ್ಲೇ ರೂಪಿಸಿದ್ದರು. ಅವರ ಕಂಪೆನಿ 1913ರ ಸುಮಾರಿಗೆ ಹಲ್ಲುಗಳನ್ನು ಬಿಲ್ಲಿನಂತೆ ಬಾಗಿಸಿತು; ಸದ್ದು ಇಳಿಯಿತು. 1926ರಲ್ಲಿ ಪ್ಯಾಕರ್ಡ್ ಕಾರಿನಲ್ಲಿ ಪಿನಿಯನ್ನನ್ನು ಕ್ರೌನ್‌ನ ನಡುಗೆರೆಗಿಂತ ಕೆಳಗೆ ಇಳಿಸಲಾಯಿತು. ಇದೇ ಹೈಪಾಯ್ಡ್ ಗೇರ್. ಶಾಫ್ಟ್ ತಗ್ಗಿದ್ದರಿಂದ ಕಾರೂ ತಗ್ಗಾಯಿತು. ಆದರೆ ಇಲ್ಲಿ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರುತ್ತವೆ. ಸಾಧಾರಣ ಎಣ್ಣೆಯ ಪದರ ಆ ಒತ್ತಡಕ್ಕೆ ನಿಲ್ಲದು. ಆದ್ದರಿಂದಲೇ ಗಂಧಕದ ಅಂಶವಿರುವ ಗೇರ್ ಆಯಿಲ್ ಬಂತು. ಆ ಗುಂಡು ಬಿಚ್ಚಿದಾಗ ಮೂಗಿಗೆ ಬಡಿಯುವ ನಾತ ಅದರದೇ.

ಈ ವಿದ್ಯೆ ನಮ್ಮ ಜಿಲ್ಲೆಗೂ ಬಂದಿದೆ. ಕಲ್ಯಾಣಿ ಸಮೂಹ ಮತ್ತು ಅಮೆರಿಕದ ರಾಕ್‌ವೆಲ್ ಸೇರಿ 1981ರಲ್ಲಿ ಸ್ಥಾಪಿಸಿದ ಆಟೊಮೋಟಿವ್ ಆಕ್ಸಲ್ಸ್ ಕಂಪೆನಿ ಮೈಸೂರಿನ ಹೂಟಗಳ್ಳಿಯಲ್ಲಿದೆ. ಲಾರಿ, ಬಸ್ಸುಗಳ ಅಚ್ಚುಗಳು ಇಲ್ಲಿ ತಯಾರಾಗುತ್ತವೆ.

ಕ್ರೌನ್ ಮತ್ತು ಪಿನಿಯನ್ ಎರಡು ಬಿಡಿಭಾಗಗಳಲ್ಲ, ಒಂದು ಜೋಡಿ. ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಎರಡನ್ನೂ ಒಟ್ಟಿಗೆ ತಿರುಗಿಸಿ, ಉಜ್ಜಿ, ಒಂದೇ ನಂಬರು ಹಾಕುತ್ತಾರೆ. ಒಂದು ಮುರಿದರೆ ಎರಡನ್ನೂ ಬದಲಿಸಬೇಕು. ಕೂಡಿಸುವಾಗ ಮೊದಲು ಶಿಮ್ ಎಂಬ ತೆಳು ತಗಡುಗಳಿಂದ ಪಿನಿಯನ್ ಎಷ್ಟು ಒಳಗೆ ಕೂರಬೇಕೆಂದು ಗೊತ್ತುಮಾಡುತ್ತಾರೆ. ಆಮೇಲೆ ಬೇರಿಂಗಿನ ಬಿಗಿ. ಕಡೆಗೆ ಹಲ್ಲುಗಳ ನಡುವಿನ ಸಡಿಲ: ಕಾರುಗಳಲ್ಲಿ ಇದು ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ., ಅಂದರೆ ಎರಡು ಮೂರು ಕೂದಲೆಳೆಯಷ್ಟು. ಹೆಚ್ಚಾದರೆ ಗಿಯರು ಬದಲಿಸಿದಾಗಲೆಲ್ಲ ಧಡ್ ಎನ್ನುತ್ತದೆ. ಕಡಿಮೆಯಾದರೆ ಕಾದು ಸವೆಯುತ್ತದೆ.

ಅಳತೆ ಸರಿಯಿದ್ದರೂ ಕೊನೆಯ ತೀರ್ಪು ಕಣ್ಣಿನದು. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿದರೆ ಎಲ್ಲಿ ಮುಟ್ಟುತ್ತದೆಂದು ಗುರುತು ಬೀಳುತ್ತದೆ. ಅದು ಹಲ್ಲಿನ ಬುಡದಲ್ಲಿದ್ದರೆ ಪಿನಿಯನ್ ಅತಿ ಹತ್ತಿರವಿದೆ, ತುದಿಯಲ್ಲಿದ್ದರೆ ಅತಿ ದೂರ. ನಡುವೆ ಬೀಳುವ ತನಕ ಬಿಚ್ಚಿ, ಶಿಮ್ ಬದಲಿಸಿ, ಮತ್ತೆ ಕೂಡಿಸಬೇಕು.

ವೇಗದ ಕಾರಿನಲ್ಲಿ ಈ ತಾಳ್ಮೆಗೆ ಇನ್ನೂ ಬೆಲೆ. ಕ್ರೌನ್‌ಗೆ 37 ಹಲ್ಲು, ಪಿನಿಯನ್‌ಗೆ 10 ಇದ್ದರೆ ಅನುಪಾತ 3.7, 41ಕ್ಕೆ 9 ಇದ್ದರೆ ಸುಮಾರು 4.56. ಎರಡನೆಯದರಲ್ಲಿ ಅದೇ ಎಂಜಿನ್ ಕಾರನ್ನು ಚುರುಕಾಗಿ ಎಳೆಯುತ್ತದೆ, ಆದರೆ ಅದೇ ವೇಗಕ್ಕೆ ಹೆಚ್ಚು ಸುತ್ತು ತಿರುಗಬೇಕು. ರೇಸಿನಲ್ಲಿ ಒಮ್ಮೆಗೇ ಬೀಳುವ ಬಲ ಎರಡು ಚಕ್ರಗಳನ್ನೂ ಪರಸ್ಪರ ದೂರ ತಳ್ಳುತ್ತದೆ. ನಿಂತಾಗ ಚೆನ್ನಾಗಿ ಕೂತ ಜೋಡಿ ಆಗ ಹಲ್ಲಿನ ಅಂಚಿನಲ್ಲಿ ಮಾತ್ರ ಮುಟ್ಟಿದರೆ ಹಲ್ಲೇ ಮುರಿದೀತು. ಹೊಸ ಜೋಡಿಯನ್ನು ಮೊದಲು ಮೆಲ್ಲಗೆ ಓಡಿಸಿ, ತಣಿಸಿ, ಪಳಗಿಸುತ್ತಾರೆ.

1983ರಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನೇ ತಿರುಗಿಸಿತು. ಬಲ ಲಂಬಕೋನದಲ್ಲಿ ತಿರುಗುವ ಅಗತ್ಯವೇ ಉಳಿಯಲಿಲ್ಲ. ಹಿಂದಿನ ಚಕ್ರದಿಂದ ಓಡುವ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ವಿದ್ಯುತ್ ಕಾರುಗಳಲ್ಲೂ ಹೆಚ್ಚಾಗಿ ಸಮಾನಾಂತರ ಗೇರುಗಳೇ. ಹೀಗೆ ಮನೆಯ ಕಾರುಗಳಿಂದ ಈ ಕೆಲಸ ಬಹುಮಟ್ಟಿಗೆ ದೂರವಾಗಿ ಲಾರಿ, ಟ್ರ್ಯಾಕ್ಟರ್, ಜೀಪು ಮತ್ತು ರೇಸ್ ಕಾರುಗಳಲ್ಲಿ ಉಳಿದಿದೆ. ಅಳತೆ ಪುಸ್ತಕದಲ್ಲಿ ಸಿಗುತ್ತದೆ. ಬಣ್ಣದ ಗುರುತು ಓದುವ ಕಣ್ಣು ಮಾತ್ರ ಬಿಚ್ಚಿ ಕೂಡಿಸಿಯೇ ಬರಬೇಕು. ಬಿಚ್ಚಲು ಗಾಡಿಗಳೇ ಕಡಿಮೆಯಾದರೆ ಕಲಿಯುವವರೂ ಕಡಿಮೆಯಾಗುತ್ತಾರೆ. ಬಲ್ಲವರು ಕೆಲಸದಲ್ಲಿರುವಾಗಲೇ ಹುಡುಗರು ಪಕ್ಕದಲ್ಲಿ ಕೂತು ಕಲಿಯುವುದು ಒಳ್ಳೆಯದು.