ಮಾತನಾಡದ ಶ್ರೀಸಾಮಾನ್ಯ

ವ್ಯಂಗ್ಯಚಿತ್ರವೆಂದೊಡನೆ ಮಕ್ಕಳಿಗೆ ಮಿಕ್ಕಿ ಮೌಸ್ ನೆನಪಾಗುವುದು ಸಹಜ. ಹಿರಿಯರಾದ ತಮ್ಮಲ್ಲಿ ಅನೇಕರ ಕಣ್ಣ ಮುಂದೆ ಬರುವವನು ಬೇರೊಬ್ಬ: ಚೌಕಳಿ ಕೋಟು, ಪಂಚೆ, ಕನ್ನಡಕ, ಪೊದೆ ಮೀಸೆ, ಬೋಳುತಲೆಯ ಹಿಂಬದಿಯಲ್ಲಿ ಒಂದಿಷ್ಟು ಬಿಳಿಗೂದಲು. ಅವನಿಗೆ ಹೆಸರಿಲ್ಲ. ಇಂಗ್ಲಿಷಿನವರು ಅವನನ್ನು ‘ಕಾಮನ್ ಮ್ಯಾನ್’ ಎಂದರು. ಕನ್ನಡದ ‘ಶ್ರೀಸಾಮಾನ್ಯ’ ಎಂಬ ಪದ ಇದಕ್ಕಿಂತ ಉದಾರವಾದುದು. ಸಾಮಾನ್ಯನಿಗೂ ಒಂದು ‘ಶ್ರೀ’ಕಾರದ ಗೌರವವನ್ನು ನಮ್ಮ ಭಾಷೆ ನೀಡಿದೆ.

ಇವನ ಸೃಷ್ಟಿಕರ್ತ ಆರ್. ಕೆ. ಲಕ್ಷ್ಮಣ್ ಜನಿಸಿದ್ದು 1921ರಲ್ಲಿ, ಮೈಸೂರಿನಲ್ಲಿ. ತಂದೆ ಮುಖ್ಯೋಪಾಧ್ಯಾಯರು, ಕಾದಂಬರಿಕಾರ ಆರ್. ಕೆ. ನಾರಾಯಣ್ ಅಣ್ಣ. ಬ್ರಿಟನ್ನಿನ ಡೇವಿಡ್ ಲೋ ಅವರ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡುತ್ತಾ ಬೆಳೆದ ಬಾಲಕ, ಆ ಸಹಿಯನ್ನು ಬಹುಕಾಲ ‘ಕೌ’, ಅರ್ಥಾತ್ ಹಸು, ಎಂದೇ ಓದಿಕೊಂಡಿದ್ದನಂತೆ! ಮುಂಬಯಿಯ ಜೆ. ಜೆ. ಕಲಾಶಾಲೆ ಅವರಿಗೆ ಪ್ರವೇಶ ನಿರಾಕರಿಸಿತು. ಲಕ್ಷ್ಮಣ್ ಮಹಾರಾಜ ಕಾಲೇಜಿನಲ್ಲಿ ಓದು ಮುಂದುವರಿಸಿದರು. ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’, 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಎಂಬ ಕನ್ನಡ ಹಾಸ್ಯ ಮಾಸಪತ್ರಿಕೆಗೆ ಚಿತ್ರ ಬರೆದರು. ಮುಂದೆ ಲೋಕವೇ ಕೊಂಡಾಡಿದ ಆ ಗೆರೆಗಳು ಕನ್ನಡದ ಹಾಸ್ಯದೊಂದಿಗೆ ಪಳಗಿದವು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಮುಂಬಯಿಗೆ ತೆರಳಿ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ಕೆಲಕಾಲ ದುಡಿದು, ಬಳಿಕ ‘ಟೈಮ್ಸ್ ಆಫ್ ಇಂಡಿಯಾ’ ಸೇರಿದ ಲಕ್ಷ್ಮಣ್, 1951ರಲ್ಲಿ ‘ಯೂ ಸೆಡ್ ಇಟ್’ ಎಂಬ ಪುಟ್ಟ ನಿತ್ಯಚಿತ್ರವನ್ನು ಆರಂಭಿಸಿದರು. ಶ್ರೀಸಾಮಾನ್ಯನ ಹುಟ್ಟು ಇಲ್ಲಿಯೇ. ಆದರೆ ಅವನು ಒಮ್ಮೆಲೇ ಹುಟ್ಟಿದವನಲ್ಲ. ಭಾರತವನ್ನು ಚಿತ್ರಿಸಬೇಕಾದರೆ ಬಂಗಾಳಿ, ಪಂಜಾಬಿ, ತಮಿಳ ಎಲ್ಲರೂ ಬೇಕಲ್ಲವೇ? ಆರಂಭದಲ್ಲಿ ಅಂತಹ ಜನಸಂದಣಿಯನ್ನೇ ಅವರು ಬರೆಯುತ್ತಿದ್ದರು. ದಿನವೂ ಗಡಿಯಾರದೊಂದಿಗೆ ಸ್ಪರ್ಧಿಸಬೇಕಾದವರಿಗೆ ಅಷ್ಟು ಜನರನ್ನು ಬರೆಯುವ ವ್ಯವಧಾನವೆಲ್ಲಿ? ಒಬ್ಬೊಬ್ಬರನ್ನೇ ಬಿಡುತ್ತಾ ಬಂದರು. ಕೊನೆಗೆ ಉಳಿದವನು ಈತ. ಸೇರಿಸುತ್ತಾ ಹೋದುದರಿಂದಲ್ಲ, ಕಳೆಯುತ್ತಾ ಬಂದುದರಿಂದ ದೊರೆತ ಮುಖ ಇದು.

ಎಲ್ಲರ ಪ್ರತಿನಿಧಿಯೆಂದು ಉಳಿದ ಈತ ನಿಜವಾಗಿಯೂ ಎಲ್ಲರವನೇ? ನನಗೆ ಸಂದೇಹವಿದೆ. ಕೋಟು ತೊಟ್ಟು, ಕನ್ನಡಕ ಧರಿಸಿದ ಈತ ನೋಟಕ್ಕೆ ಪೇಟೆಯ ಗುಮಾಸ್ತನಂತಿದ್ದಾನೆ. ನಮ್ಮ ಬೋಳಾರದ ನದಿಬದಿಯ ಹಂಚಿನ ಕಾರ್ಖಾನೆಗಳಲ್ಲಿ ಜೇಡಿಮಣ್ಣು ಹೊತ್ತು ಬದುಕಿದವರಿಗೆ, ಅವರಲ್ಲೂ ಮಹಿಳೆಯರಿಗೆ, ಈತ ತಮ್ಮವನೆನಿಸುವುದಕ್ಕಿಂತ ಕಚೇರಿಯ ಮೇಜಿನ ಹಿಂದೆ ಕುಳಿತವನಂತೆಯೇ ಕಂಡಿದ್ದರೆ ಅಚ್ಚರಿಯಿಲ್ಲ. ಕಳೆಯುತ್ತಾ ಬಂದಾಗ ಬಿಟ್ಟುಹೋದವರಲ್ಲಿ ಇವರೂ ಇದ್ದರು.

ಹಾಗಿದ್ದರೂ ಅವನನ್ನು ತಳ್ಳಿಹಾಕಲು ಮನಸ್ಸು ಬಾರದು. ಅದಕ್ಕೆ ಕಾರಣ ಅವನ ಮೌನ. ಮಂತ್ರಿಗಳ ಪಕ್ಕದಲ್ಲಿ, ಸಭೆಗಳ ಮೂಲೆಯಲ್ಲಿ, ಕಿತ್ತುಹೋದ ರಸ್ತೆಯ ಅಂಚಿನಲ್ಲಿ ಅವನು ನಿಂತಿರುತ್ತಾನೆ, ನೋಡುತ್ತಾನೆ, ತುಟಿ ಬಿಚ್ಚುವುದಿಲ್ಲ. ಸಂತ ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ಸಾಮತಿಯನ್ನು ನೆನೆಯಿರಿ. ಧನವಂತನ ಬಾಗಿಲಲ್ಲಿ ಬಿದ್ದಿದ್ದ ಲಾಸರನೂ ಆ ಕಥೆಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಅವರಿಬ್ಬರಲ್ಲಿ ಮಾತೆಲ್ಲ ಧನವಂತನದು. ಆದರೆ ಸಾಮತಿಯಲ್ಲಿ ಹೆಸರು ದೊರೆತಿರುವುದು ಲಾಸರನಿಗೆ, ಧನವಂತನು ಅನಾಮಿಕ. ಲಕ್ಷ್ಮಣರ ಚಿತ್ರಗಳಲ್ಲಿ ಮಾತು ಉಳ್ಳವರದೇ, ಹೆಸರೂ ಅವರದೇ. ಬಡಪಾಯಿಗೆ ಎರಡೂ ಇಲ್ಲ.

ಮೌನವೆಲ್ಲವೂ ಸದ್ಗುಣವಲ್ಲವೆಂಬುದೂ ನಿಜ. 1975ರಲ್ಲಿ ತುರ್ತುಪರಿಸ್ಥಿತಿ ಹೇರಲ್ಪಟ್ಟು ಪತ್ರಿಕೆಗಳ ಮೇಲೆ ಸೆನ್ಸಾರ್ ಬಂದಾಗ ದೇಶವೇ ಶ್ರೀಸಾಮಾನ್ಯನಂತಾಯಿತು. ದೆಹಲಿಯ ‘ಶಂಕರ್ಸ್ ವೀಕ್ಲಿ’ ಎಂಬ ವ್ಯಂಗ್ಯಚಿತ್ರ ವಾರಪತ್ರಿಕೆ ಅದೇ ವರ್ಷ ನಿಂತುಹೋಯಿತು. ತಾನೇ ಮಾತನಾಡದಿರುವುದು ಒಂದು; ಬಾಯಿ ಮುಚ್ಚಿಸಲ್ಪಡುವುದು ಇನ್ನೊಂದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಅಪಾಯವಿರುವುದು ಅಲ್ಲಿಯೇ.

ಅಂದಹಾಗೆ, ಈ ಮೌನಿಗೊಬ್ಬಳು ಮಡದಿಯಿದ್ದಾಳೆ. ಆಕೆ ಮಾತನಾಡುತ್ತಾಳೆ, ಧಾರಾಳವಾಗಿ ಮತ್ತು ನೇರವಾಗಿ. ಆಕೆಯ ಬಗ್ಗೆ ಬರೆದವರು ಕಡಿಮೆ. ಕುಟುಂಬಸ್ಥರಾದ ತಮಗೆ ಈ ಸಂಗತಿಯನ್ನು ವಿವರಿಸಬೇಕಾಗಿಲ್ಲ.

ಕಾಲಕ್ರಮೇಣ ಶ್ರೀಸಾಮಾನ್ಯ ಗಣ್ಯನಾದ. 1988ರಲ್ಲಿ ಅಂಚೆಚೀಟಿಯ ಮೇಲೇರಿದ. 2001ರಲ್ಲಿ ಪುಣೆಯ ಸಿಂಬಯೋಸಿಸ್ ಸಂಸ್ಥೆಯ ಆವರಣದಲ್ಲಿ ಅವನ ಪ್ರತಿಮೆ ನಿಂತಿತು. ಕನ್ನಡಿಗ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಸಂಸ್ಥೆ, ಅಗ್ಗದ ದರದ ವಿಮಾನಯಾನಕ್ಕೆ ಇವನನ್ನೇ ಲಾಂಛನವಾಗಿಸಿಕೊಂಡಿತು. ಬಸ್ಸಿಗಾಗಿ ಕಾದು ನಿಲ್ಲಬೇಕಾದವನು ಆಕಾಶಕ್ಕೇರಿದ್ದು ಸಂತೋಷದ ವಿಷಯವೇ. ಆದರೂ ಜಾಹೀರಾತಿನಲ್ಲಿ ಅವನ ಮೌನಕ್ಕೆ ಹಳೆಯ ತೂಕ ಉಳಿಯಲಿಲ್ಲವೆಂದೇ ನನ್ನ ಅನಿಸಿಕೆ.

ಲಕ್ಷ್ಮಣರಿಗೆ 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಸಂದವು. ಪಾರ್ಶ್ವವಾಯು ಬಡಿದ ಮೇಲೂ ಅವರು ಗೆರೆಯನ್ನು ಕೈಬಿಡಲಿಲ್ಲ. 2015ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನವೇ, ಪುಣೆಯಲ್ಲಿ ನಿಧನರಾದರು. ಮರುದಿನ ಅಂತಿಮ ದರ್ಶನಕ್ಕಾಗಿ ಅವರ ಪಾರ್ಥಿವ ಶರೀರವನ್ನು ಇರಿಸಿದ್ದು ಆ ಸಿಂಬಯೋಸಿಸ್ ಆವರಣದಲ್ಲಿ, ಶ್ರೀಸಾಮಾನ್ಯನ ಪ್ರತಿಮೆಯ ಬಳಿಯಲ್ಲಿ.