ಗರಡಿ ಮಣ್ಣು, ಸರ್ಕಾರದ ದುಡ್ಡು

ಶಾಲೆಯ ಚರಿತ್ರೆ ಬರೆಯುವಾಗ ಕೊಠಡಿಗಳೆಷ್ಟು, ಎಸ್ಸೆಸ್ಸೆಲ್ಸಿ ಫಲಿತಾಂಶವೆಷ್ಟು, ಮುಖ್ಯಗುರುಗಳಾಗಿದ್ದವರು ಯಾರು ಎಂಬುದೆಲ್ಲ ಪಟ್ಟಿಯಾಗಿ ಬರುತ್ತದೆ. ಮಕ್ಕಳ ಮೈ ಗಟ್ಟಿಮಾಡಲು ಯಾರು, ಯಾವಾಗ, ಎಷ್ಟು ಖರ್ಚು ಮಾಡಿದರು ಎಂಬ ಪುಟ ಮಾತ್ರ ಇರುವುದಿಲ್ಲ. ಪಾಮನಕಲ್ಲೂರಿನಂಥ ಊರಿನ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಅಂಥದೊಂದು ಪುಟ ಇರಲಿ ಎಂದು ಈ ಬರಹ.

ನಮ್ಮ ಭಾಗದಲ್ಲಿ ವ್ಯಾಯಾಮ ಎಂದರೆ ಮೊದಲು ಗರಡಿ ಮನೆ. ಕೆಲವರು ತಾಲೀಮು ಎನ್ನುತ್ತಾರೆ. ತಲೆ ಬಾಗಿಸಿಯೇ ಒಳಹೋಗಬೇಕಾದ ಸಣ್ಣ ಬಾಗಿಲು, ಗೂಡಿನಲ್ಲಿ ಹನುಮಪ್ಪ, ಎಣ್ಣೆ ಅರಿಷಿಣ ಬೆರೆಸಿ ಹದಮಾಡಿದ ಕೆಂಪು ಮಣ್ಣು, ಮೂಲೆಯಲ್ಲಿ ಗದೆ, ಎತ್ತುವ ಗುಂಡುಕಲ್ಲು. ಇವುಗಳಲ್ಲಿ ಕೊಂಡು ತರಬೇಕಾದ್ದು ಬಹಳ ಕಡಿಮೆ. ಕಲ್ಲು ಗುಡ್ಡದ್ದು, ಮಣ್ಣು ಕೆರೆಯದು, ಕಟ್ಟಿಗೆ ಹೊಲದ್ದು. ಉಳಿದದ್ದಕ್ಕೆ ಊರವರೇ ಪಟ್ಟಿ ಎತ್ತುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಜೋಳ ಸಿಗುತ್ತಿತ್ತು, ಸ್ಥಿತಿವಂತರು ಪೈಲ್ವಾನನಿಗೆ ಹಾಲು ತುಪ್ಪ ಕೊಡುತ್ತಿದ್ದರು. ಮೊಹರಂ ಬಂತೆಂದರೆ, ಜಾತ್ರೆ ಬಂತೆಂದರೆ ಅದೇ ಹುಡುಗರು ಊರಿನ ಮುಂದೆ ನಿಂತು ಕೊಟ್ಟದ್ದಕ್ಕೆ ಲೆಕ್ಕ ಒಪ್ಪಿಸುತ್ತಿದ್ದರು. ಇದಕ್ಕಿಂತ ಸರಳವಾದ ಲೆಕ್ಕಪರಿಶೋಧನೆ ಆಮೇಲೆ ಯಾವ ಯೋಜನೆಯಲ್ಲೂ ಬರಲಿಲ್ಲ ಎನ್ನಬೇಕು.

ಅರಸರು ಕೈಹಿಡಿದ ಕಡೆ ಕುಸ್ತಿ ದೊಡ್ಡದಾಗಿ ಬೆಳೆಯಿತು. ಕೊಲ್ಲಾಪುರದ ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನವನ್ನೇ ಕಟ್ಟಿಸಿದರು. ನಮ್ಮ ಸೀಮೆ ನಿಜಾಮರ ಆಡಳಿತದಲ್ಲಿತ್ತು. ಆ ಆಡಳಿತಕ್ಕೆ ಅಖಾಡ ಎಂದರೆ ಅನುಮಾನ. ನಾಲ್ಕು ಹುಡುಗರು ಒಂದೆಡೆ ಸೇರಿ ತೋಳು ಬಲಿಸಿದರೆ ನಾಳೆ ಏನಾದೀತೋ ಎಂಬ ಅಂಜಿಕೆ. ಖಾಸಗಿ ಶಾಲೆ ತೆರೆಯುವುದಕ್ಕೂ ಅಖಾಡ ನಡೆಸುವುದಕ್ಕೂ ಅನುಮತಿ ಬೇಕಾಗಿತ್ತು. ಇಂಥ ಅಂಜಿಕೆ ನಿಜಾಮರೊಬ್ಬರದೇ ಅಲ್ಲ. ಜರ್ಮನಿಯಲ್ಲಿ ಯಾನ್ ಎಂಬ ಶಿಕ್ಷಕ 1811ರಲ್ಲಿ ಬರ್ಲಿನ್ನಿನ ಹೊರಗೆ ಬಯಲು ವ್ಯಾಯಾಮಶಾಲೆ ತೆರೆದಾಗ ಹುಡುಗರು ಗುಂಪುಗುಂಪಾಗಿ ಬಂದರು. 1820ರಲ್ಲಿ ಪ್ರಷ್ಯಾ ಸರ್ಕಾರ ಅದನ್ನು ನಿಷೇಧಿಸಿತು. 1842ರಲ್ಲಿ ಅದೇ ಸರ್ಕಾರ ವ್ಯಾಯಾಮವನ್ನು ಗಂಡುಮಕ್ಕಳ ಶಿಕ್ಷಣದ ಭಾಗವೆಂದು ಒಪ್ಪಿಕೊಂಡಿತು. ಇಂದು ಶಾಲೆಗಳಲ್ಲಿ ನೋಡುವ ಪ್ಯಾರಲಲ್ ಬಾರ್ ಆ ಬಯಲಿನಿಂದ ಬಂದದ್ದು.

1948ರ ಸೆಪ್ಟೆಂಬರ್ 17ಕ್ಕೆ ನಮಗೆ ವಿಮೋಚನೆಯಾಯಿತು, 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹಳ್ಳಿಗಳಿಗೆ ನಿಧಾನವಾಗಿ ಹೈಸ್ಕೂಲುಗಳು ಬಂದವು. ಆದರೆ ಗರಡಿ ಶಾಲೆಯ ಕಾಂಪೌಂಡಿನ ಹೊರಗೇ ಉಳಿಯಿತು. ಒಳಗೆ ಬಂದದ್ದು ಕವಾಯತು, ಕಬಡ್ಡಿ, ಖೊಖೊ. ಇವಕ್ಕೆ ಒಂದು ಸೀಟಿ, ಒಂದು ಬಯಲು, ಸುಣ್ಣದ ಗೆರೆ ಸಾಕು. ಬಡ ಶಾಲೆಗೆ ಇದು ವರವೂ ಹೌದು, ತೊಡಕೂ ಹೌದು. ಖರ್ಚಿಲ್ಲದೆ ನಡೆಯುತ್ತದೆ ಎಂದ ಮೇಲೆ ಯಾರೂ ಅದಕ್ಕೆ ಲೆಕ್ಕಶೀರ್ಷಿಕೆ ತೆರೆಯುವುದಿಲ್ಲ.

ಮುಂದೆ ದೊಡ್ಡ ಯೋಜನೆಗಳು ಬಂದಾಗಲೂ ಇದೇ ಆಯಿತು. 2009ರ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಹೈಸ್ಕೂಲುಗಳಿಗೆ ಹೆಚ್ಚುವರಿ ಕೊಠಡಿ, ಪ್ರಯೋಗಾಲಯ, ಗ್ರಂಥಾಲಯ, ಕಲಾ ಕೊಠಡಿ, ಶೌಚಾಲಯ, ಕುಡಿಯುವ ನೀರು ಎಂದು ಹೆಸರಿಸಿತು. ಆ ಸಾಲಿನಲ್ಲಿ ವ್ಯಾಯಾಮಶಾಲೆ ಇರಲಿಲ್ಲ. 2018ರಲ್ಲಿ ಬಂದ ಸಮಗ್ರ ಶಿಕ್ಷಾ ಕ್ರೀಡೆಗೆಂದೇ ಅನುದಾನ ಇಟ್ಟಿತು: ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಒಳ್ಳೆಯದೇ. ಆದರೆ ನೆಟ್ಟು, ಚೆಂಡು, ಗುಂಡು, ಹಗ್ಗ ತಂದರೆ ಅದು ಮುಗಿಯಿತು. ಕಟ್ಟಡದ ಮಾತು ಅಲ್ಲಿಗೆ ಮುಟ್ಟುವುದೇ ಇಲ್ಲ.

ಹಾಗಾದರೆ ಜಿಮ್ ಕಟ್ಟಿಕೊಂಡ ಕಡೆ ಹಣ ಎಲ್ಲಿಂದ ಬರುತ್ತದೆ? ಬಹುಪಾಲು ಶಿಕ್ಷಣ ಇಲಾಖೆಯ ಹೊರಗಿನಿಂದ. ಸಂಸದರ ಪ್ರದೇಶಾಭಿವೃದ್ಧಿ ನಿಧಿ 1993ರ ಡಿಸೆಂಬರಿನಲ್ಲಿ ಆರಂಭವಾಯಿತು. ಮೊದಲ ವರ್ಷ ತಲಾ 5 ಲಕ್ಷ ಇದ್ದದ್ದು 1998-99ಕ್ಕೆ 2 ಕೋಟಿ, 2011-12ಕ್ಕೆ 5 ಕೋಟಿ ಆಯಿತು. ಕೊರೋನಾ ಕಾಲದಲ್ಲಿ ಅದನ್ನೂ ನಿಲ್ಲಿಸಿ, 2021ರಲ್ಲಿ ಮತ್ತೆ ತೆರೆದರು. ಗ್ರಾಮ ಪಂಚಾಯ್ತಿಗೆ ಆಟದ ಬಯಲು ಕೊಡಲೆಂದು 2008-09ರಲ್ಲಿ ಬಂದ ‘ಪೈಕಾ’ ಯೋಜನೆ ಪಂಚಾಯ್ತಿಗೆ ಒಮ್ಮೆ 1 ಲಕ್ಷ ಕೊಡುತ್ತಿತ್ತು. ಆರು ವರ್ಷಕ್ಕೆ ಹೆಸರೂ ಬದಲಾಯಿತು, ರೂಪವೂ ಬದಲಾಯಿತು. ಉದ್ಯೋಗ ಖಾತ್ರಿಯಲ್ಲಿ ಆಟದ ಮೈದಾನ ಸಮ ಮಾಡಬಹುದು. ಆದರೆ ಅಲ್ಲಿ ಕೂಲಿ 60, ಸಾಮಗ್ರಿ 40 ಎಂಬ ಲೆಕ್ಕ. ಕಬ್ಬಿಣದ ಯಂತ್ರಕ್ಕೆ ಅಲ್ಲಿ ಜಾಗವಿಲ್ಲ.

ನಮ್ಮ ಭಾಗದ ಮಟ್ಟಿಗೆ ನಿಜವಾದ ತಿರುವು ಬೇರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಮಸ್ಕಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಇಂದಿನ ಮಸ್ಕಿ ತಾಲ್ಲೂಕಿನ ಊರುಗಳು ಲಿಂಗಸುಗೂರು, ಮಾನ್ವಿ, ಸಿಂಧನೂರು ತಾಲ್ಲೂಕುಗಳಲ್ಲಿ ಹಂಚಿಹೋಗಿದ್ದವು. ಆ ಮೂರೂ ಕೊನೆಯ ಪಟ್ಟಿಯಲ್ಲೇ ಇದ್ದವು. ಹಿಂದುಳಿದವರೆನಿಸಿಕೊಳ್ಳುವುದು ಹೆಮ್ಮೆಯ ವಿಷಯವಲ್ಲ, ಆದರೆ ಆ ಅಂಕಿಯೇ ಮುಂದೆ ಹಕ್ಕಿನ ಪತ್ರವಾಯಿತು. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂದು, 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ರಚನೆಯಾಯಿತು. 2019ರಿಂದ ಅದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಈಚೆಗೆ ಅದರ ವಾರ್ಷಿಕ ಅನುದಾನ 5,000 ಕೋಟಿಯ ತನಕ ಏರಿದೆ. ಇನ್ನು 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಅದರ ಏಳನೇ ಪರಿಶಿಷ್ಟದಲ್ಲಿ ಶಿಕ್ಷಣವೂ ಇದೆ, ಗ್ರಾಮೀಣ ಕ್ರೀಡೆಯ ತರಬೇತಿಯೂ ಇದೆ. ಹಟ್ಟಿಯ ಚಿನ್ನದ ಗಣಿ ನಮ್ಮ ನೆರೆಯಲ್ಲೇ ಇದೆ ಎಂಬುದನ್ನು ಎಸ್‌ಡಿಎಂಸಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ಇಷ್ಟಕ್ಕೂ ಹಳ್ಳಿ ಶಾಲೆಗೆ ಜಿಮ್ ಯಾಕೆ, ಹೊಲದ ಕೆಲಸವೇ ವ್ಯಾಯಾಮವಲ್ಲವೆ ಎಂದು ಕೇಳುವ ಹಿರಿಯರಿದ್ದಾರೆ. ಅವರ ಮಾತು ಸುಳ್ಳಲ್ಲ. ಆದರೆ 371(ಜೆ) ನಮ್ಮ ಮಕ್ಕಳಿಗೆ ನೌಕರಿಯಲ್ಲಿ ಮೀಸಲಾತಿ ಕೊಟ್ಟಿತು, ದೇಹದಾರ್ಢ್ಯ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಲಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದ ಹುಡುಗ 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು, ಹುಡುಗಿ 400 ಮೀಟರನ್ನು 2 ನಿಮಿಷದಲ್ಲಿ. ಉದ್ದ ಜಿಗಿತ, ಗುಂಡು ಎಸೆತ ಬೇರೆ. ಇದನ್ನು ಭತ್ತದ ನಾಟಿ ಕಲಿಸುವುದಿಲ್ಲ. ಹುಡುಗನಾದರೆ ಬೆಳಗಿನ ಜಾವ ರಸ್ತೆಗಿಳಿದು ಓಡಿಯಾನು. ಹೆಣ್ಣುಮಗಳು ಎಲ್ಲಿ ಓಡಬೇಕು? ಗರಡಿಯ ಬಾಗಿಲು ಅವಳಿಗೆ ಎಂದೂ ತೆರೆದದ್ದಲ್ಲ. ಪಟ್ಟಣದ ಜಿಮ್ಮಿಗೆ ಬಸ್ಸು ಹತ್ತಿ ಹೋಗಲು ಮನೆಯಲ್ಲಿ ಬಿಡುವುದಿಲ್ಲ. ಅವಳಿಗೆ ಸಿಗಬಹುದಾದದ್ದು ಶಾಲೆಯ ಒಂದು ಕೊಠಡಿ, ಶಾಲೆಯ ಕಾಂಪೌಂಡಿನೊಳಗಿನ ಒಂದು ಗಂಟೆ. ಜಿಮ್ ಬೇಕೆನ್ನಲು ನನಗೆ ತಿಳಿದ ಎಲ್ಲ ಕಾರಣಗಳಲ್ಲಿ ಇದೇ ದೊಡ್ಡದು.

ಹಣ ಬಂದ ಕಡೆಯೂ ಜಿಮ್ ಉಳಿಯದಿರುವುದುಂಟು. ಯಂತ್ರಕ್ಕೆ ಒಂದು ನಿಧಿ, ಕಟ್ಟಡಕ್ಕೆ ಇನ್ನೊಂದು. ಒಂದು ಬಂದು ಇನ್ನೊಂದು ಬಾರದಿದ್ದರೆ ಯಂತ್ರ ವರಾಂಡದಲ್ಲಿ ತುಕ್ಕು ಹಿಡಿಯುತ್ತದೆ, ಇಲ್ಲವೆ ಕಟ್ಟಡ ಹಳೆಯ ಬೆಂಚುಗಳ ಗೋದಾಮಾಗುತ್ತದೆ. ದುರಸ್ತಿಗೆ ಯಾವ ಯೋಜನೆಯೂ ಹಣ ಇಡುವುದು ಕಡಿಮೆ. ಅಲ್ಲಿ ಹಳೆಯ ಪಟ್ಟಿಯೇ ಮತ್ತೆ ಬೇಕಾಗುತ್ತದೆ. ಕಣದ ಜೋಳದ ಬದಲು ಹಳೆಯ ವಿದ್ಯಾರ್ಥಿಗಳ ದೇಣಿಗೆ. ಅರ್ಜಿ ಹಾಕುವ ಮೊದಲು ಶಾಲೆಯ ಹೆಸರಿಗೆ ಜಾಗದ ಪಹಣಿ, ಎಸ್‌ಡಿಎಂಸಿ ಠರಾವು, ಇಂಜಿನಿಯರರ ಅಂದಾಜುಪಟ್ಟಿ ಮೂರೂ ಕೈಯಲ್ಲಿರಬೇಕು. ಹೆಣ್ಣುಮಕ್ಕಳ ಸಮಯ ಯಾವುದು, ದೈಹಿಕ ಶಿಕ್ಷಕರು ರಜೆಯಲ್ಲಿದ್ದಾಗ ಕೀಲಿ ಯಾರ ಕೈಯಲ್ಲಿ ಎಂಬುದನ್ನೂ ಅದೇ ಠರಾವಿನಲ್ಲಿ ಬರೆದುಬಿಡುವುದು ಲೇಸು.